ಮಾತು ಕುಗ್ಗಿಸುತ್ತಿದ್ದ ಸಾಹೇಬರು

ಟೆಲಿಫೋನ್ ಲೈನಿಗೂ ಕಂಪ್ಯೂಟರಿಗೂ ನಡುವೆ ಕೂರುತ್ತಿದ್ದ ಆ ಪುಟ್ಟ ಪೆಟ್ಟಿಗೆಯನ್ನು ಈಗಿನ ಹುಡುಗರು ನೋಡಿರಲಾರರು. ಮೋಡೆಮ್ ಎನ್ನುತ್ತಿದ್ದೆವು. ಬೇರೆ ಊರಿನ ಕಂಪ್ಯೂಟರನ್ನು ಕರೆಯುವಾಗ ಅದು ಗಂಟಲು ಕಟ್ಟಿದ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ನಮಗೆಲ್ಲ ತಲೆ ಚಿಟ್ಟು ಹಿಡಿಸುತ್ತಿದ್ದ ಆ ಸದ್ದನ್ನು ನಮ್ಮ ಸಾಹೇಬರು ಮಾತ್ರ ಕುರ್ಚಿಗೆ ಒರಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಲೆಯ ಮೇಲಿನ ಹಾಲಿಗೆ ಕಿವಿಗೊಟ್ಟವರ ಹಾಗೆ ಕೇಳುತ್ತಿದ್ದರು. ಕಿರುಚಾಟ ಮುಗಿಯುವ ಮೊದಲೇ "ಲೈನು ಹತ್ತತ್ತೆ" ಎಂದೋ "ಹತ್ತಲ್ಲ" ಎಂದೋ ಹೇಳಿಬಿಡುತ್ತಿದ್ದರು. ಅಷ್ಟೇ ಮಾತು. ಹತ್ತಿದರೆ ಸಂತೋಷ ಅಂತಿಲ್ಲ, ಹತ್ತದಿದ್ದರೆ ಬೇಸರ ಅಂತಿಲ್ಲ. ಹತ್ತದಿದ್ದರೆ ಮತ್ತೆ ಕರೆಯುವುದು.

ಹೋದ ತಿಂಗಳು ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿಸಿದವನು ರವಿ. ನಮ್ಮ ಮಾಗಡಿಯ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವನು, ಈಗ ಅಲ್ಲೇ ಸ್ವಂತ ಸೈಬರ್ ಅಂಗಡಿ ಇಟ್ಟುಕೊಂಡಿದ್ದಾನೆ. "ಅಕ್ಕಾ, ಸಾಹೇಬ್ರು ಹೋಗ್ಬುಟ್ರು" ಎಂದ.

ಅವರನ್ನು ಆಸ್ಪತ್ರೆಯಲ್ಲಿ ಹೆಸರು ಹಿಡಿದು ಕರೆದವರಿಲ್ಲ. ಡಾಕ್ಟರಿಂದ ಹಿಡಿದು ಆಯಾಗಳವರೆಗೆ ಎಲ್ಲರಿಗೂ ಅವರು ಸಾಹೇಬರು. ನಾನು ಎದುರಿಗೆ "ಸಾರ್" ಎನ್ನುತ್ತಿದ್ದೆ. ಬಿಳಿಯ ತುಂಬುತೋಳಿನ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು, ಬಾಯಲ್ಲಿ ಸದಾ ಒಂದು ಲವಂಗ. ರಾಮನಗರದವರೇ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿ, ಆ ಮನೆತನದಲ್ಲಿ ಮೊದಲು ಎಂಜಿನಿಯರಿಂಗ್ ಓದಿದವರು. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟೆಲಿಫೋನ್ ಯಂತ್ರಗಳ ವಿಭಾಗದಲ್ಲಿ ಬಹಳ ವರ್ಷ ಇದ್ದರು. ಆ ವಿಭಾಗವನ್ನೇ ಮುಚ್ಚಿದಾಗ ಎಲ್ಲರ ಹಾಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಮರಳಿದರು. ನಮ್ಮ ಆಸ್ಪತ್ರೆ ನಡೆಸುತ್ತಿದ್ದ ಟ್ರಸ್ಟಿನವರು ಅವರನ್ನು ಕರೆದು ಕಂಪ್ಯೂಟರ್ ವಿಭಾಗ ಒಪ್ಪಿಸಿದರು.

ವಿಭಾಗ ಎಂದರೆ ಎಕ್ಸ್‌ರೇ ಕೋಣೆಯ ಪಕ್ಕದ ಒಂದು ಚಿಕ್ಕ ರೂಮು, ಅವರು ಮತ್ತು ನಾನು. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೆ ಕೆಲಸಕ್ಕೆ ಹೊರಟವಳು. ದಿನಾ ಕನಕಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಟ್ರಸ್ಟಿಗೆ ರಾಮನಗರದಲ್ಲಿ ದೊಡ್ಡ ಆಸ್ಪತ್ರೆ. ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಒಂದೊಂದು ಚಿಕ್ಕದು. ಪರೀಕ್ಷೆಗಳ ದೊಡ್ಡ ಲ್ಯಾಬು, ತಜ್ಞ ಡಾಕ್ಟರುಗಳು ಎಲ್ಲ ರಾಮನಗರದಲ್ಲೇ. ಆ ಮೂರು ಊರುಗಳಿಂದ ರಕ್ತದ ಸೀಸೆಗಳು ವ್ಯಾನಿನಲ್ಲಿ ಬರುತ್ತಿದ್ದವು, ರಿಪೋರ್ಟುಗಳು ಟೆಲಿಫೋನ್ ಲೈನಿನಲ್ಲಿ ಹೋಗುತ್ತಿದ್ದವು. ಹೋಗಬೇಕಿತ್ತು, ಅನ್ನುವುದು ಸರಿ.

ಏಕೆಂದರೆ ಅದು ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಹಾರೋಹಳ್ಳಿಯಲ್ಲೂ ಹೊಲಗಳಿಗೆ ಕಾಂಪೌಂಡು ಬೀಳತೊಡಗಿತ್ತು. ಕೆಲಸಕ್ಕೆ ಸೇರುವವರು ರಕ್ತ, ಎದೆ, ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರಬೇಕು ಎಂದು ಕಾರ್ಖಾನೆಯವರು ಕಳಿಸುತ್ತಿದ್ದರು. ಆಸ್ಪತ್ರೆಯ ಮುಂದೆ ಬೆಳಗಾದರೆ ಯುವಕರ ಸಾಲು. ಇತ್ತ ಮೈಸೂರು ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿಗಳು ನೆಲದೊಳಗಿನ ಟೆಲಿಫೋನ್ ಕೇಬಲ್ಲನ್ನು ಗೆಣಸು ಕಿತ್ತ ಹಾಗೆ ಕಿತ್ತು ಹಾಕುತ್ತಿದ್ದವು. ಲೈನು ಸಿಕ್ಕರೂ ತೀರ ನಿಧಾನ. ಮಾಗಡಿಗೆ ಬೆಳಿಗ್ಗೆ ಕಳಿಸಲು ಕೂತ ರಿಪೋರ್ಟುಗಳು ಊಟದ ಹೊತ್ತಾದರೂ ಮುಗಿಯುತ್ತಿರಲಿಲ್ಲ. ಅಷ್ಟರಲ್ಲಿ ಲೈನು ಕಟ್ಟಾದರೆ ಮತ್ತೆ ಮೊದಲಿನಿಂದ.

ಒಂದು ದಿನ ಸಾಹೇಬರು ಹಾಗೆ ಹೋಗುತ್ತಿದ್ದ ಒಂದು ರಿಪೋರ್ಟನ್ನು ಪ್ರಿಂಟು ತೆಗೆದು ನನ್ನ ಮುಂದೆ ಇಟ್ಟರು. ಕೆಂಪು ಪೆನ್ನಿನಿಂದ ಆಸ್ಪತ್ರೆಯ ಹೆಸರು, ವಿಳಾಸ, ವಿಭಾಗದ ಹೆಸರು, ಪರೀಕ್ಷೆಯ ಹೆಸರು, ಸಾಮಾನ್ಯವಾಗಿ ಇಷ್ಟಿರಬೇಕು ಎಂಬ ಅಳತೆ, ಕೊನೆಯ ಒಕ್ಕಣೆ ಎಲ್ಲವನ್ನೂ ಹೊಡೆದು ಹಾಕಿದ್ದರು. ಉಳಿದದ್ದು ರೋಗಿಯ ಹೆಸರು, ಊರು ಮತ್ತು ಫಲಿತಾಂಶ.

"ಇಲ್ಲಿಂದ ಮನೆಗೆ ಫೋನ್ ಮಾಡ್ತೀರಲ್ಲಮ್ಮಾ, ನಿಮ್ಮ ಅತ್ತೆ ಎತ್ತಿದ್ರೆ ಏನಂತೀರಾ?" ಎಂದು ಕೇಳಿದರು.

"'ಅತ್ತೆ, ನಾನು' ಅಂತೀನಿ ಸಾರ್."

"ಇಂಥವರ ಹೆಂಡತಿ, ಇಂಥ ಬೀದಿ, ಇಂಥ ಮನೆಯವಳು ಅನ್ನಲ್ವಾ?"

"ಯಾಕನ್ಬೇಕು? ಅವರಿಗೆ ಗೊತ್ತಲ್ಲ."

"ಅಷ್ಟೇ," ಎಂದರು. "ಆ ಕಡೆ ಇರೋರಿಗೆ ಗೊತ್ತಿರೋದನ್ನ ನಾವು ದಿನಾ ಕಳಿಸ್ತಾ ಇದ್ದೀವಿ."

ಅವರು ನನ್ನ ಜೊತೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ತಿಂಗಳುಗಟ್ಟಲೆ ಪ್ರೋಗ್ರಾಮು ಬರೆಯುತ್ತ ಕೂತರು. ಆಗಾಗ ಬರುವ ಮಾತುಗಳನ್ನೆಲ್ಲ ಆರಿಸಿ ಒಂದು ಪಟ್ಟಿ ಮಾಡಿ, ಒಂದೊಂದು ಮಾತಿಗೂ ಒಂದೊಂದು ಅಂಕಿ ಕೊಟ್ಟರು. ಅದೇ ಪಟ್ಟಿ ನಾಲ್ಕೂ ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ. ಇಲ್ಲಿ ಮಾತು ಅಂಕಿಯಾಗಿ ಕುಗ್ಗಿ ಹೊರಡುತ್ತಿತ್ತು, ಅಲ್ಲಿ ಅಂಕಿ ಬಿಚ್ಚಿಕೊಂಡು ಮತ್ತೆ ಮಾತಾಗುತ್ತಿತ್ತು. ಓದುವ ಡಾಕ್ಟರಿಗೆ ನಡುವೆ ಏನು ನಡೆಯಿತೆಂದು ತಿಳಿಯುತ್ತಲೇ ಇರಲಿಲ್ಲ. ರೋಗಿಯ ಹೆಸರು, ಗಂಡನದೋ ತಂದೆಯದೋ ಹೆಸರು, ಊರು, ಇವನ್ನು ಮಾತ್ರ ಅವರು ಮುಟ್ಟಲಿಲ್ಲ. "ಲಕ್ಷ್ಮಮ್ಮ ಅಂತಾನೂ ಒಂದು ಅಂಕಿ ಕೊಟ್ಟುಬಿಡೋಣ ಸಾರ್, ದಿನಾ ಹತ್ತಾರು ಲಕ್ಷ್ಮಮ್ಮ ಬರ್ತಾರೆ" ಎಂದು ನಾನು ತಮಾಷೆಗೆ ಅಂದರೆ ತಲೆ ಅಲ್ಲಾಡಿಸಿ, "ಅದಕ್ಕೇ ಕೊಡಬಾರದು" ಎಂದರು.

ಪ್ರೋಗ್ರಾಮು ಓಡತೊಡಗಿದ ಮೇಲೆ ಊಟದ ಹೊತ್ತಿಗೂ ಮುಗಿಯದ ಕೆಲಸ ಕಾಫಿಯ ಹೊತ್ತಿಗೆ ಮುಗಿಯತೊಡಗಿತು. ಇದರಿಂದ ಒಂದು ಫಜೀತಿಯೂ ಆಯಿತು. ಚಿಕ್ಕದಾಗಿದ್ದರೆ ಬೇಗ ಹೋಗುತ್ತದಂತೆ ಎಂಬ ಸುದ್ದಿ ಚನ್ನಪಟ್ಟಣದ ಹಿರಿಯ ನರ್ಸಮ್ಮನ ಕಿವಿಗೆ ಬಿದ್ದು, ಅವರು ಸಹಾಯವಾಗಲೆಂದು ತಾವೇ ಮಾತುಗಳನ್ನು ಮೊಟಕು ಮಾಡಿ ಕಳಿಸತೊಡಗಿದರು. "ಹೊ.ನೋ.ಇ. ಜ್ವ.ಬಿ." ಎಂದು ಒಂದು ಸಂದೇಶ ಬಂತು. ಹೊಟ್ಟೆನೋವು ಇದೆ ಎಂದೋ, ಇಲ್ಲ ಎಂದೋ? ಜ್ವರ ಬಿಟ್ಟಿದೆಯೋ, ಬಿಡುತ್ತಿಲ್ಲವೋ? ನಮ್ಮ ಡಾಕ್ಟರು ಕಾಗದ ಹಿಡಿದು ಕೂಗಾಡಿದರು. ಸಾಹೇಬರು ಮರುದಿನ ಬೆಳಗಿನ ರೈಲಿಗೆ ಚನ್ನಪಟ್ಟಣಕ್ಕೇ ಹೋದರು. ಬೈದು ಬರುತ್ತಾರೆಂದು ನಾನು ತಿಳಿದಿದ್ದೆ. ಆ ನರ್ಸಮ್ಮ ಆಮೇಲೆ ನನಗೆ ಫೋನಿನಲ್ಲಿ ಹೇಳಿದ್ದು ಇದು: "ಅವ್ರು ಬಂದು ಏನಂದ್ರು ಗೊತ್ತೇನಮ್ಮಾ? ನೀವು ಎಷ್ಟ್ ಉದ್ದ ಬೇಕಾದ್ರೂ ಬರೀರಿ ಸಿಸ್ಟರ್, ಚಿಕ್ಕದು ಮಾಡೋದು ನನ್ ಕೆಲ್ಸ, ಅದನ್ನೂ ನೀವೇ ಮಾಡಿದ್ರೆ ನನ್ ಕೆಲ್ಸ ಹೋಗತ್ತೆ ಅಂದ್ರು. ಅಂದ್ಬುಟ್ಟು ನಮ್ ಸ್ಟಾಫಿಗೆಲ್ಲ ಬಿಸ್ಕತ್ ತರಿಸಿಕೊಟ್ಟು ಹೋದ್ರು."

ಆಮೇಲೆ ಅವರು ಹೃದಯದ ಇಸಿಜಿ ಗೆರೆಯನ್ನೂ ಲೈನಿನಲ್ಲಿ ಕಳಿಸುವುದಕ್ಕೆ ಕೈಹಾಕಿದರು. ಗೆರೆಯ ಪ್ರತಿ ಚುಕ್ಕಿಯನ್ನೂ ಕಳಿಸುತ್ತ ಕೂತರೆ ರೋಗಿ ಉಳಿಯುವುದಿಲ್ಲ. ಹಿಂದಿನ ಚುಕ್ಕಿಗಿಂತ ಮುಂದಿನದು ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದನ್ನಷ್ಟೇ ಕಳಿಸಿದರೆ ಸಾಕು, ಆ ಕಡೆಯವರು ಗೆರೆಯನ್ನು ಹಾಗೇ ಎಳೆದುಕೊಳ್ಳಬಹುದು ಎನ್ನುವುದು ಅವರ ಉಪಾಯ. ಇದು ಮೊದಲು ಕೆಲಸಕ್ಕೆ ಬಂದದ್ದು ಉಯ್ಯಂಬಳ್ಳಿ ಕಡೆಯ ಗೌಡರೊಬ್ಬರಿಗೆ. ಎದೆನೋವೆಂದು ಕನಕಪುರದ ಆಸ್ಪತ್ರೆಗೆ ತಂದಿದ್ದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಹೃದಯಾಘಾತವೋ ಅಲ್ಲವೋ ಎಂದು ಅನುಮಾನ. ಗೆರೆ ಲೈನಿನಲ್ಲಿ ಬಂತು, ನಮ್ಮ ಹೃದಯದ ಡಾಕ್ಟರು ನಮ್ಮ ರೂಮಿಗೇ ಓಡಿ ಬಂದು ಪರದೆಯಲ್ಲಿ ನೋಡಿ, "ಹೆಪ್ಪು ಕರಗಿಸೋ ಇಂಜೆಕ್ಷನ್ ಈಗ್ಲೇ ಕೊಡಿ" ಎಂದು ಫೋನಿನಲ್ಲಿ ಕೂಗಿದರು. ಗೌಡರು ಬದುಕಿದರು.

ಗುಣವಾದ ಮೇಲೆ ತಪಾಸಣೆಗೆ ರಾಮನಗರಕ್ಕೆ ಬಂದವರು ನಮ್ಮ ರೂಮನ್ನು ಹುಡುಕಿಕೊಂಡು ಬಂದರು. ಜೊತೆಗಿದ್ದ ಭಾವಮೈದುನನಿಗೆ ಬಾಗಿಲಿನಿಂದಲೇ ವಿವರಣೆ: "ಲೇ, ನನ್ನೆದೆ ಗುಂಡ್ಗೆ ತಂತಿ ಒಳೀಕ್ ಓಡ್ಕಂಡು ಇಲ್ಗಂಟ ಬಂದಿತ್ತಂತೆ ಕಣ್ಲಾ!" ಆಮೇಲೆ ಸಾಹೇಬರ ಕಡೆ ತಿರುಗಿ, "ಯಾವ್ ಪೆಟ್ಗೇಲಿ ಬಂತು ಸಾಹೇಬ್ರೆ?" ಎಂದರು. ಸಾಹೇಬರು ಮೋಡೆಮ್ ತೋರಿಸಿದರು. ಗೌಡರು ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸಿ ಕೈಮುಗಿದರು. ಸಾಹೇಬರು ಆ ದಿನವೆಲ್ಲ ನಗುತ್ತಿದ್ದರು. ನಗು ಎಂದರೆ ಲವಂಗ ಈ ದವಡೆಯಿಂದ ಆ ದವಡೆಗೆ ಹೋಗುವುದು, ಅಷ್ಟೇ.

ನಾನು ಬರೆಯಬೇಕೆಂದು ಕೂತದ್ದು ಇದನ್ನಲ್ಲ. ಮಾಗಡಿಯ ವಿಷಯವನ್ನು.

ಒಂದು ಬೆಳಿಗ್ಗೆ ಲ್ಯಾಬಿನ ಡಾಕ್ಟರ್ ಮೇಡಂ ನಮ್ಮ ರೂಮಿಗೆ ಬಂದರು. ಮಾಗಡಿಯ ಸರ್ಜನ್ ಈಗಷ್ಟೇ ಅವರಿಗೆ ಫೋನ್ ಮಾಡಿದ್ದರಂತೆ: ಜಯಮ್ಮ ಎನ್ನುವವರ ಎದೆಯ ಗಂಟಿನ ವಿಷಯ, ಬೆಂಗಳೂರಿಗೆ ಯಾವಾಗ ಕಳಿಸೋಣ ಎಂದು. "ಯಾಕೆ ಕಳಿಸಬೇಕು? ನಾನು ಕ್ಯಾನ್ಸರ್ ಕೋಶ ಕಂಡುಬಂದಿಲ್ಲ ಅಂತ ಬರೆದಿದ್ದೀನಿ" ಎಂದು ಇವರು. "ನನ್ನ ಕೈಯಲ್ಲಿರೋ ಕಾಗದದಲ್ಲಿ ಕಂಡುಬಂದಿದೆ ಅಂತ ಇದೆಯಲ್ಲ" ಎಂದು ಅವರು. ಹಿಂದಿನ ದಿನವೇ ಆ ಹೆಂಗಸಿಗೂ ಮನೆಯವರಿಗೂ ಕ್ಯಾನ್ಸರ್ ಎಂದು ಹೇಳಿ ಆಗಿತ್ತು.

ಸಾಹೇಬರು ಎದ್ದು ನಿಂತರು. ಕಂಪ್ಯೂಟರಿನಲ್ಲಿ ಪಟ್ಟಿಯನ್ನು ತೆರೆದು ನೋಡಿದರು, ಮಾಗಡಿಗೆ ಫೋನ್ ಮಾಡಿ ರವಿಗೆ ಅವನ ಕಡೆಯ ಪಟ್ಟಿಯನ್ನು ಓದಲು ಹೇಳಿದರು. ಅವನು ಓದುತ್ತ ಹೋದ ಹಾಗೆ ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

ಆದದ್ದು ಇಷ್ಟು. ಕೆಲವು ಹೊಸ ಪರೀಕ್ಷೆಗಳು ಶುರುವಾಗಿದ್ದರಿಂದ ಸಾಹೇಬರು ಪಟ್ಟಿಯ ನಡುವೆ ಒಂದು ಹೊಸ ಮಾತು ಸೇರಿಸಿ, ಹೊಸ ಪಟ್ಟಿಯನ್ನು ಎಲ್ಲ ಊರಿಗೂ ಕಳಿಸಿದ್ದರು. ಮಾಗಡಿಯಲ್ಲಿ ಆ ಹೊತ್ತಿಗೆ ಕರೆಂಟು ಹೋಗಿತ್ತು. ಹೊಸ ಪಟ್ಟಿ ಅಲ್ಲಿ ಕೂರಲೇ ಇಲ್ಲ. ಹೊಸ ಮಾತು ನಡುವೆ ಸೇರಿದ್ದರಿಂದ ಅದರ ಕೆಳಗಿನವೆಲ್ಲ ಒಂದೊಂದು ಮನೆ ಕೆಳಕ್ಕೆ ಸರಿದಿದ್ದವು. ನಮ್ಮ ಪಟ್ಟಿಯಲ್ಲಿ "ಕಂಡುಬಂದಿಲ್ಲ" ಎಂಬುದಕ್ಕೆ ಇದ್ದ ಅಂಕಿ, ಮಾಗಡಿಯ ಹಳೆಯ ಪಟ್ಟಿಯಲ್ಲಿ "ಕಂಡುಬಂದಿದೆ" ಎಂದಾಗಿತ್ತು.

ಆಡಳಿತಾಧಿಕಾರಿಗಳು ಬಂದರು. ಕೆಟ್ಟವರಲ್ಲ, ಆಸ್ಪತ್ರೆಯ ಹೆಸರಿನ ಚಿಂತೆ ಅವರಿಗೆ. ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರು: "ನೋಡಿ ಸಾಹೇಬ್ರೆ, ಕಂಪ್ಯೂಟರ್ ತಪ್ಪು ಮಾಡ್ತು ಅಂದ್ರೆ ಯಾರೂ ನಾಳೆಯಿಂದ ನಮ್ಮ ರಿಪೋರ್ಟು ನಂಬಲ್ಲ. ಮಾಗಡಿ ಆಪರೇಟರು ಟೈಪ್ ಮಾಡೋವಾಗ ತಪ್ಪಾಯ್ತು ಅಂದ್ಬಿಡೋಣ. ಅವನಿಗೊಂದು ವಾರ್ನಿಂಗ್ ಲೆಟರ್. ಮುಗೀತು."

"ಅವನು ಟೈಪೇ ಮಾಡಿಲ್ಲ ಸರ್," ಎಂದರು ಸಾಹೇಬರು. "ಪ್ರಿಂಟು ಬಂತು, ಹರಿದು ಕೊಟ್ಟ. ಅವನು ಮಾಡಿರೋದು ಅಷ್ಟೇ."

"ಅದು ನಮಗೆ ಗೊತ್ತು. ಹೊರಗಿನವರಿಗೆ ಗೊತ್ತಾ?"

"ಅವನಿಗೆ ಗೊತ್ತು."

ಸಾಹೇಬರು ಅಧಿಕಾರಿಗಳ ಎದುರಿಗೇ ನಾಲ್ಕೂ ಊರುಗಳಲ್ಲಿ ಪ್ರೋಗ್ರಾಮು ನಿಲ್ಲಿಸಿದರು. ಪಟ್ಟಿ ಬದಲಾದ ಮೇಲೆ ಮಾಗಡಿಗೆ ಹೋಗಿದ್ದ ಒಂದೊಂದು ರಿಪೋರ್ಟನ್ನೂ ಡಾಕ್ಟರ್ ಮೇಡಂ ಫೋನಿನಲ್ಲಿ ಓದಿದರು, ಆ ಕಡೆ ರವಿ ತನ್ನ ಪ್ರಿಂಟಿನ ಜೊತೆ ಹೋಲಿಸಿದ. ಉಳಿದ ರಿಪೋರ್ಟುಗಳಲ್ಲಿ ತಪ್ಪಿದ್ದವು ತಕ್ಷಣ ಕಣ್ಣಿಗೆ ಬೀಳುವಂಥವು, ಅರ್ಥವೇ ಆಗದ ಮಾತುಗಳು. ಡಾಕ್ಟರುಗಳು ಆಗಲೇ ಬದಿಗಿಟ್ಟಿದ್ದರು. ಅರ್ಥವಾಗುವಂತೆ ತಪ್ಪಾಗಿದ್ದು ಜಯಮ್ಮನದೊಂದೇ.

"ಅವರ ಮನೇಲಿ ಫೋನಿಲ್ಲ. ನಾನೇ ಹೋಗ್ತೀನಿ," ಎಂದರು ಸಾಹೇಬರು. ಡಾಕ್ಟರ್ ಮೇಡಂ ಸ್ಲೈಡನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ, ತಮ್ಮ ಕೈಯಿಂದಲೇ ರಿಪೋರ್ಟು ಬರೆದು ಕೊಟ್ಟರು. ಹೆಂಗಸರ ವಿಷಯ, ಜೊತೆಗೊಬ್ಬರು ಹೆಂಗಸು ಇರಲಿ ಎಂದು ನನ್ನನ್ನೂ ಕಳಿಸಿದರು.

ಆಸ್ಪತ್ರೆಯ ಜೀಪಿನಲ್ಲಿ ಹೊರಟೆವು. ಸಾವನದುರ್ಗದ ಬಂಡೆ ಕಾಣತೊಡಗಿತು. ಬೆಟ್ಟದ ಈ ಕಡೆಯ ಒಂದು ಹಳ್ಳಿ. ಜಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಜಗಲಿಯ ತುಂಬ ಜನ ಕೂತಿದ್ದರು. ಆಗಲೇ ಸಾವಾಗಿದೆಯೇನೋ ಎಂದು ನನ್ನ ಜೀವ ಹಾರಿತು. ಒಳಗೆ ಜಯಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದರು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಪಕ್ಕದಲ್ಲಿ ಅವರ ತಂಗಿ, ಅತ್ತು ಅತ್ತು ಊದಿಕೊಂಡ ಮುಖ. ಜಯಮ್ಮ ಅವಳಿಗೆ ಹೇಳಿಕೊಡುತ್ತಿದ್ದರು: "ಚಿಕ್ಕೋನು ರೊಟ್ಟಿ ಕಾವ್ಲೀಲೇ ಮುರ್ದ್ ಕೊಟ್ರೆ ತಿಂತಾನೆ, ತಟ್ಟೇಲಿ ಇಕ್ಕಿದ್ರೆ ಮುಟ್ಟಕಿಲ್ಲ. ನೆಪ್ಪಿಟ್ಕೊ."

ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಜಯಮ್ಮನ ಗಂಡನಿಗೂ ಅವರಿಗೂ ಒಟ್ಟಿಗೆ ಕೇಳುವಂತೆ ನಿಂತು ಹೇಳಿದರು. ಸುತ್ತಿ ಬಳಸಲಿಲ್ಲ.

"ಅಮ್ಮಾ, ನಿಮಗೆ ಕ್ಯಾನ್ಸರ್ ಇಲ್ಲ. ಲ್ಯಾಬಿನ ಡಾಕ್ಟರಮ್ಮ ಇಲ್ಲ ಅಂತಲೇ ಬರೆದಿದ್ರು. ಅದನ್ನ ಮಾಗಡಿಗೆ ಕಳಿಸೋ ಕಂಪ್ಯೂಟರ್ ಪ್ರೋಗ್ರಾಮು ದಾರೀಲಿ ಉಲ್ಟಾ ಮಾಡ್ತು. ಆ ಪ್ರೋಗ್ರಾಮು ಮಾಡಿದೋನು ನಾನು. ತಪ್ಪು ಡಾಕ್ಟರದ್ದಲ್ಲ, ಮಾಗಡಿ ಆಸ್ಪತ್ರೆ ಹುಡುಗನದ್ದಲ್ಲ. ನಂದು."

ಮನೆಯೊಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಗಂಡ ಎದ್ದು ಬಂದು ಸಾಹೇಬರ ಅಂಗಿಯ ಕತ್ತುಪಟ್ಟಿಯನ್ನು ಹಿಡಿದರು.

"ಕಂಪ್ಯೂಟ್ರಂತೆ ಕಂಪ್ಯೂಟ್ರು! ನಿನ್ನೆಯಿಂದ ಈ ಮನೇಲಿ ಒಲೆ ಹಚ್ಚಿಲ್ಲ. ಮಕ್ಳು ಅವ್ವನ್ ಸೆರಗ್ ಬುಟ್ಟಿಲ್ಲ. ನಮ್ಮವ್ವ ಮುದ್ಕಿ, ನನ್ನ್ ಕರ್ಕೊಳ್ದೆ ಇವ್ಳನ್ಯಾಕ್ ಕರ್ಕೊಂತೀಯೋ ಅಂತ ಗೋಡೆಗ್ ತಲೆ ಚಚ್ಕೊಂಡವ್ಳೆ. ಯಾರಯ್ಯ ನೀನು? ನಿಂಗ್ಯಾವನಯ್ಯ ಕೆಲ್ಸ ಕೊಟ್ಟೋನು?"

ಡ್ರೈವರು ಬಿಡಿಸಲು ಮುಂದೆ ಬಂದ. ಸಾಹೇಬರು ಅವನಿಗೆ ಬೇಡವೆಂದು ಕೈಸನ್ನೆ ಮಾಡಿದರು. ಆ ಮನುಷ್ಯನ ಮಾತು ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದರು. ಕಣ್ಣು ಕೂಡ ತಪ್ಪಿಸಲಿಲ್ಲ.

"ಬುಡಿ ಅವ್ರನ್ನ," ಎಂದರು ಜಯಮ್ಮ. ಧ್ವನಿ ಬಹಳ ಸಣ್ಣಗಿತ್ತು. "ಯೋಳಕ್ಕೆ ಅಂತ ಇಲ್ಗಂಟ ಬಂದವ್ರೆ." ಆಮೇಲೆ ಸಾಹೇಬರನ್ನು ನೋಡಿ, "ಇನ್ನೊಂದ್ ಕಿತ ಯೋಳಿ" ಎಂದರು.

ಸಾಹೇಬರು ಮತ್ತೆ ಮೊದಲಿನಿಂದ ಹೇಳಿದರು.

"ಈಗ್ ಯೋಳಿದ್ದೂ ಕಂಪ್ಯೂಟ್ರೇ ಯೋಳಿದ್ದಾ?"

"ಇಲ್ಲಮ್ಮಾ. ಡಾಕ್ಟರಮ್ಮ ಇವತ್ತು ಬೆಳಿಗ್ಗೆ ಇನ್ನೊಂದು ಸಲ ಕಣ್ಣಿಂದ ನೋಡಿ, ಕೈಯಿಂದ ಬರೆದು ಕೊಟ್ಟವ್ರೆ. ಇದರಲ್ಲಿ ಐತೆ."

ಊರಿನ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಆಗಲೇ. ಜಯಮ್ಮ ಕಾಗದವನ್ನು ತೆಗೆದುಕೊಂಡರು. ಓದಲು ಬರುತ್ತಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು "ನೀನ್ ಓದವ್ವ" ಎಂದರು. ಡಾಕ್ಟರ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಓದಿದೆ. "ಕಂಡುಬಂದಿಲ್ಲ" ಎನ್ನುವುದನ್ನು ಎರಡು ಸಲ ಓದಿದೆ. ಜಯಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಮಕ್ಕಳು ಮೇಲೆ ಬಿದ್ದರು. ಗಂಡ ಹೊರಗೆ ಜಗಲಿಗೆ ಹೋಗಿ ಕಂಬ ಹಿಡಿದು ನಿಂತರು. ನಾವು ಹೊರಡುವಾಗ ಅವರೇ ಒಂದು ಚೆಂಬು ಮಜ್ಜಿಗೆ ತಂದು ಸಾಹೇಬರ ಮುಂದೆ ಹಿಡಿದರು, ಮುಖ ನೋಡಲಿಲ್ಲ. ಸಾಹೇಬರು ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದರು.

ವಾಪಸು ಬರುವಾಗ ದಾರಿಯಲ್ಲಿ ಜೀಪು ನಿಲ್ಲಿಸಲು ಹೇಳಿ ಕೆಳಗಿಳಿದರು. ರಸ್ತೆ ಬದಿಯ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಡ್ರೈವರು ಬೀಡಿ ಹಚ್ಚಿದವನು ನಾಚಿಕೊಂಡು ಆರಿಸಿದ. ಬಹಳ ಹೊತ್ತಾದ ಮೇಲೆ ಸಾಹೇಬರು ಎದ್ದು ಬಂದು, "ಹೋಗೋಣ" ಎಂದರು.

ಮರುದಿನ ರಾಜೀನಾಮೆ ಬರೆದು ಕೊಟ್ಟರು. ಟ್ರಸ್ಟಿನ ಹಿರಿಯ ಡಾಕ್ಟರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ನೀವು ಹೋದ್ರೆ ಇದನ್ನ ಸರಿ ಮಾಡೋರ್ಯಾರು?" ಎಂದರಂತೆ. ಸಾಹೇಬರು ಮತ್ತೆ ಬಂದು ಕೂತರು. ಆ ವಾರಗಳಲ್ಲಿ ರಿಪೋರ್ಟುಗಳು ಮೊದಲಿನ ಹಾಗೆ ಕುಂಟುತ್ತ ಹೋಗುತ್ತಿದ್ದವು. ಮೂರೂ ಊರುಗಳಿಂದ ಬೈಗುಳ. ಹಳೆಯ ಪ್ರೋಗ್ರಾಮನ್ನೇ ಸದ್ಯಕ್ಕೆ ಶುರು ಮಾಡಿ, ಈಗಂತೂ ಪಟ್ಟಿ ಸರಿಯಾಗಿದೆಯಲ್ಲ ಎಂದು ಡಾಕ್ಟರುಗಳೇ ಬಂದು ಒತ್ತಾಯಿಸಿದರು. ಸಾಹೇಬರು ಕೇಳಲಿಲ್ಲ. "ಅದು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ಕಲೀಲಿ ಡಾಕ್ಟ್ರೇ. ಅಲ್ಲಿವರೆಗೂ ಬೇಡ" ಎಂದರು.

ಅದು ಕಲಿಯಿತು. ಹೊಸ ಪ್ರೋಗ್ರಾಮಿನಲ್ಲಿ ಪ್ರತಿ ಸಂದೇಶದ ನೆತ್ತಿಯಲ್ಲೂ ಅದು ಯಾವ ಪಟ್ಟಿಯಿಂದ ಕುಗ್ಗಿದ್ದು ಎಂಬ ಗುರುತು ಇರುತ್ತಿತ್ತು. ಆ ಕಡೆಯ ಪಟ್ಟಿ ಬೇರೆಯಾಗಿದ್ದರೆ ಸಂದೇಶ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. "ಪಟ್ಟಿ ಬೇರೆ ಇದೆ. ತೆರೆದಿಲ್ಲ. ಫೋನ್ ಮಾಡಿ" ಎಂದು ಪರದೆಯ ಮೇಲೆ ಬರುತ್ತಿತ್ತು. ಹೊಸ ಮಾತುಗಳನ್ನು ಪಟ್ಟಿಯ ನಡುವೆ ತುರುಕುವ ಹಾಗಿಲ್ಲ, ಕೊನೆಯಲ್ಲೇ ಸೇರಿಸಬೇಕು. ಮತ್ತೆ, ರೋಗ ಇದೆ ಇಲ್ಲ ಎಂದು ಹೇಳುವ ಆ ಒಂದು ಸಾಲನ್ನು ಅವರು ಇನ್ನೆಂದೂ ಕುಗ್ಗಿಸಲಿಲ್ಲ. ಅದು ಅಕ್ಷರ ಅಕ್ಷರವಾಗಿ ಹೋಗುತ್ತಿತ್ತು. "ಆ ಸಾಲಿಗೆ ಎಷ್ಟು ಹೊತ್ತು ಬೇಕೋ ತಗೊಳ್ಳಲಿ" ಎಂದರು. ರವಿ ಆಮೇಲಿನ ವರ್ಷಗಳಲ್ಲಿ ಯಾವ ಸಂದೇಶ ಬಂದರೂ ಫೋನ್ ಮಾಡಿ "ತೆರೀತು ಸಾರ್" ಎಂದು ಒಪ್ಪಿಸುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ರಸ್ತೆಯ ಜೊತೆ ಕೇಬಲ್ಲೂ ಅಗಲವಾಯಿತು. ಬೆಂಗಳೂರಿನ ಕಂಪನಿಯೊಂದರ ಹೊಸ ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಸಾಹೇಬರ ಪ್ರೋಗ್ರಾಮನ್ನು ಆಸಕ್ತಿಯಿಂದಲೇ ನೋಡಿ, "ಚೆನ್ನಾಗಿದೆ ಸರ್, ಆದ್ರೆ ಇನ್ನು ಇದರ ಅವಶ್ಯಕತೆ ಇಲ್ಲ" ಎಂದ. ಸಾಹೇಬರು ಮೋಡೆಮುಗಳ ತಂತಿಗಳನ್ನು ತಾವೇ ಬಿಚ್ಚಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಪೆಟ್ಟಿಗೆಯಲ್ಲಿಟ್ಟರು. "ಬೇಜಾರಾಗಲ್ವಾ ಸಾರ್?" ಎಂದೆ. "ಜಾಗ ಸಾಲದೆ ಇದ್ದಾಗ ಕುಗ್ಗಿದ್ವಿ. ಈಗ ಜಾಗ ಆಯ್ತಲ್ಲ, ಒಳ್ಳೇದೇ" ಎಂದರು. ಮುಂದಿನ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಲು ಎದ್ದು, ಎಲ್ಲರನ್ನೂ ಒಮ್ಮೆ ನೋಡಿ, "ಎಲ್ಲರೂ ಚೆನ್ನಾಗಿರಿ" ಎಂದು ಕೂತುಬಿಟ್ಟರು. ಎಲ್ಲರೂ ನಕ್ಕರು, ಅವರೂ ನಕ್ಕರು.

ರವಿಯ ಫೋನು ಬಂದ ಮರುದಿನ ಅವರ ಮನೆಗೆ ಹೋದೆ. ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹಬ್ಬಕ್ಕೆ ಡಬ್ಬಿಯಲ್ಲಿ ಸಿಹಿ ತಂದುಕೊಡುತ್ತಿದ್ದರು, ಡಬ್ಬಿಯನ್ನು ತೊಳೆದು ವಾಪಸು ಕೊಡುತ್ತಿದ್ದೆ, ಆ ಮನೆಯೊಂದಿಗೆ ನನಗಿದ್ದ ನಂಟು ಅಷ್ಟೇ. ಒಳಗೆ ಹೆಂಗಸರ ನಡುವೆ ಅವರ ಪತ್ನಿ ಕೂತಿದ್ದರು. "ಆಸ್ಪತ್ರೆಯಲ್ಲಿ ಸಾರ್ ಜೊತೆ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವರೇ ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಕನಕಪುರದ ಬಸ್ಸಿನ ಹುಡುಗಿ ಅಲ್ವಾ ನೀನು? ಕಿಟಕಿ ಸೀಟು ಸಿಗದಿದ್ರೆ ಮುಖ ಊದಿಸ್ಕೊಂಡು ಬರ್ತಿದ್ದೋಳು?"

ನಾನು ದಂಗಾದೆ. "ಹೌದಮ್ಮಾ. ನಿಮಗೆ ಹೇಗೆ..."

"ಮಳೆಗಾಲ ಬಂದ್ರೆ ನಿನ್ನ ಮಗಳಿಗೆ ಉಬ್ಬಸ ಬರ್ತಿತ್ತಲ್ಲ ಬೇಟಿ, ಈಗ ಹೇಗಿದ್ದಾಳೆ? ನಿನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ರಲ್ಲ, ಆಮೇಲೆ ಕೋಲಿಲ್ದೆ ನಡೆದ್ರಾ?"

ಲೈನು ಹತ್ತುವುದನ್ನು ಕಾಯುತ್ತ ಕೂತಾಗ ನಾನು ಬಾಯಿ ಸುಮ್ಮನಿರದೆ ಹೇಳಿಕೊಂಡಿದ್ದ ಮಾತುಗಳು ಇವು. ಆಗೆಲ್ಲ ಸಾಹೇಬರು ಪರದೆ ನೋಡುತ್ತ "ಹ್ಞೂಂ" ಎನ್ನುತ್ತಿದ್ದರು. ಕೇಳಿಸಿಕೊಂಡರೆಂದೇ ನಾನು ಅಂದುಕೊಂಡಿರಲಿಲ್ಲ.

"ಆಫೀಸಲ್ಲಿ ಸಾರ್ ಮಾತೇ ಆಡ್ತಿರಲಿಲ್ಲ ಅಮ್ಮಾ" ಎಂದೆ.

ಅವರು ಅಳುವಿನ ನಡುವೆಯೇ ನಕ್ಕರು. "ಮಾತಾಡ್ತಿರಲಿಲ್ವಾ? ಮನೆಗೆ ಬಂದು ಕೂತ್ರೆ ಚಾ ಆರಿ ಹೋದ್ರೂ ಮುಗೀತಿರಲಿಲ್ಲ. ಯಾರು ಏನಂದ್ರು, ಹೇಗಂದ್ರು, ಅನ್ನೋವಾಗ ಮುಖ ಹೇಗಿತ್ತು, ಎಲ್ಲಾ. ನಂಗೆ ಒಲೆ ಮೇಲೆ ಸಾರು ಇರೋದು. ಒಸಿ ಚಿಕ್ಕದು ಮಾಡಿ ಹೇಳಿ ಅಂದ್ರೆ ಸಿಟ್ಟು ಬರೋದು. ಮತ್ತೆ ಮೊದಲಿಂದ ಶುರು ಮಾಡೋರು."

ಪಕ್ಕದಲ್ಲಿದ್ದ ಹೆಂಗಸರೂ ನಕ್ಕರು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೈಯನ್ನು ಬಿಡದೆ ಕೇಳಿದರು:

"ಹೇಳು. ಮಗಳು ಹೇಗಿದ್ದಾಳೆ?"

ಚೆನ್ನಾಗಿದ್ದಾಳೆ ಎಂದೆ. ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತರು. ನಾನು ಬಸ್ಸಿಗೆ ಹೊತ್ತಾಗುತ್ತದೆಂದು ತೊಡೆಯ ಮೇಲೇ ಇಟ್ಟುಕೊಂಡಿದ್ದ ಚೀಲವನ್ನು ಕೆಳಗಿಟ್ಟು, ಅವಳಿಗೆ ಉಬ್ಬಸ ಬಿಟ್ಟ ವರ್ಷದಿಂದ ಹಿಡಿದು ಹೇಳತೊಡಗಿದೆ.